ಗಿರಣಿ ಮೌಲಣ್ಣನ ಬೈಪಾಸ್

ಹೋದ ತಿಂಗಳು ನಮ್ಮವರನ್ನು ತಪಾಸಣೆಗೆಂದು ಹುಬ್ಬಳ್ಳಿಯ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಪಾಳಿ ಬರುವುದಕ್ಕೆ ತಡವಿತ್ತು. ಬಾಜೂಕಿನ ಬೆಂಚಿನಲ್ಲಿ ನವಲಗುಂದ ಕಡೆಯ ಹೆಣ್ಣುಮಗಳೊಬ್ಬಳು ಬುತ್ತಿ ಬಿಚ್ಚಿದಳು. ಜೋಳದ ರೊಟ್ಟಿಯ ಮೇಲೆ ಕೆಂಪು ಮೆಣಸಿನಕಾಯಿ ಅರೆದ ಚಟ್ನಿ, ರಂಜಕ. ಅದರ ಘಾಟು ಮೂಗಿಗೆ ಬಡಿದದ್ದೇ ತಡ, ನಮ್ಮವರು ಇಡೀ ಹಾಲ್ ತಿರುಗಿ ನೋಡುವಂತೆ ಸೀನಿದರು. ನನ್ನ ಕೈ ತಾನಾಗಿಯೇ ಹೋಗಿ ಅವರ ಹೊಟ್ಟೆಯನ್ನು ಒತ್ತಿ ಹಿಡಿಯಿತು.

"ಕೈ ತಗೀ ಹಸೀನಾ, ಮಂದಿ ನೋಡಾಕತ್ತಾರ. ಹೊಲಿಗಿ ಕೂಡಿ ಯಾವ ಕಾಲಾತು" ಎಂದರು.

ಹೊಲಿಗೆ ಕೂಡಿರುವುದು ನನಗೂ ಗೊತ್ತು. ಕೈಗೆ ಗೊತ್ತಿಲ್ಲ. ಒಂದಿಡೀ ಮೆಣಸಿನಕಾಯಿ ಸುಗ್ಗಿ ಆ ಕೈ ಅದೇ ಕೆಲಸ ಮಾಡಿತ್ತು. ಮನೆಯ ಮುಂದೆ ಖಾರ ಕುಟ್ಟುವ ಯಂತ್ರ, ಮನೆಯ ಒಳಗೆ ಸೀನಬಾರದ ಗಂಡ. ಅಂಥ ಸುಗ್ಗಿ ಶತ್ರುವಿಗೂ ಬೇಡ ಎನ್ನಬೇಕು, ಆದರೆ ಖರೇ ಹೇಳುತ್ತೇನೆ, ಆ ವರ್ಷ ನಾನು ನಕ್ಕಷ್ಟು ಯಾವ ವರ್ಷವೂ ನಕ್ಕಿಲ್ಲ.

ಸಂಶಿಯಲ್ಲಿ ನಮ್ಮದೊಂದು ಗಿರಣಿ ಇದೆ. ಎಡಕ್ಕೆ ಜೋಳ, ಗೋದಿ ಬೀಸುವುದು, ಬಲಕ್ಕೆ ಖಾರ ಕುಟ್ಟುವುದು. ಓದಿದ್ದು ಬಿ.ಎ., ನಿಂತದ್ದು ಗಿರಣಿಯಲ್ಲಿ, ಅದೇ ನನ್ನ ಚರಿತ್ರೆ. ನಮ್ಮವರ ಹೆಸರು ಮೌಲಾಸಾಬ. ಊರಿಗೆಲ್ಲ ಗಿರಣಿ ಮೌಲಣ್ಣ. ಗಿರಣಿಗೆ ಬರುವವರಲ್ಲಿ ಮುಕ್ಕಾಲು ಪಾಲು ಹೆಂಗಸರು. ಅವರೆಲ್ಲ ನಮ್ಮವರನ್ನು ಬೈಯುತ್ತಾರೆ, ನಮ್ಮವರು ಅವರನ್ನು ಚುಡಾಯಿಸುತ್ತಾರೆ, ಹಿಟ್ಟು ಬೀಳುತ್ತದೆ. ಬೀಸಲು ಏನೂ ಇಲ್ಲದಿದ್ದರೂ ದಿನಾ ಬರುವವನು ಒಬ್ಬನೇ, ಬಸಣ್ಣ. ಸಾಲೆಯಲ್ಲಿ ನಮ್ಮವರ ಜೋಡಿ ಒಂದನೇ ಇಯತ್ತೆಯಿಂದ ಕೂತವನು. ಊರ ಹೊರಗೆ ಅವನ ಮೆಣಸಿನಕಾಯಿ ಹೊಲ, ಊರ ಒಳಗೆ ಅವನ ಬಾಯಿ. ಬಸಣ್ಣನಿಗೆ ಒಂದು ಮಾತು ಗೊತ್ತಾದರೆ ಡಂಗುರದವನಿಗೆ ಆವತ್ತು ಸೂಟಿ.

ಆ ವರ್ಷ ಶೀಗಿ ಹುಣ್ಣಿಮೆಯ ಹೊತ್ತಿಗೆ ನಮ್ಮವರಿಗೆ ಮೂತ್ರ ಕೆಂಪಾಗಿ ಹೋಗತೊಡಗಿತ್ತು. ನನಗೆ ಹೇಳಲಿಲ್ಲ. ಬಚ್ಚಲಲ್ಲಿ ನಾನೇ ನೋಡಿ ಕೇಳಿದೆ. "ಉಷ್ಣ" ಎಂದರು. ನಮ್ಮ ಕಡೆ ಈ ಉಷ್ಣ ಎನ್ನುವುದು ಭಾರಿ ಅನುಕೂಲದ ಶಬ್ದ. ಬಾಯಿ ಹುಣ್ಣಾದರೆ ಉಷ್ಣ, ಮೂಗಿನಲ್ಲಿ ರಕ್ತ ಬಂದರೆ ಉಷ್ಣ, ಅಳಿಯ ಮುನಿಸಿಕೊಂಡರೂ ಉಷ್ಣ. ದಿನವಿಡೀ ಖಾರದ ಪುಡಿಯಲ್ಲಿ ನಿಲ್ಲುವವರಿಗೆ ಉಷ್ಣ ಆಗದೆ ಇನ್ನೇನು ಎಂದು ನಾನೂ ಒಪ್ಪಿದೆ. ಜೀರಿಗೆ ನೀರು ಕುಡಿಸಿದೆ, ಮಜ್ಜಿಗೆ ಕುಡಿಸಿದೆ. ಎರಡು ದಿನ ತಿಳಿಯಾಗುವುದು, ಮತ್ತೆ ಕೆಂಪು. ನೋವೆಂಬುದು ಒಂಚೂರೂ ಇಲ್ಲ. ಅದೇ ಮೋಸ ಎಂದು ಆಮೇಲೆ ತಿಳಿಯಿತು. ನೋವಾಗಿದ್ದರೆ ನಮ್ಮವರು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದರು.

ಕುಂದಗೋಳದ ಡಾಕ್ಟರು ಕೈ ಹಿಡಿದು ನೋಡಿ ನೇರ ಹುಬ್ಬಳ್ಳಿಗೆ ಕಳಿಸಿದರು. ಅಲ್ಲಿ ದುರ್ಬೀನು ಹಾಕಿ ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮೂತ್ರದ ಚೀಲದಲ್ಲಿ ಗಡ್ಡೆ, ಅದು ಚೀಲದ ಸ್ನಾಯುವಿನೊಳಗೆ ಬೇರು ಬಿಟ್ಟಿತ್ತು. ಅಲ್ಲಿಯ ಸರ್ಜನ್ ಅಣ್ಣಿಗೇರಿ ಕಡೆಯ ಹೆಣ್ಣುಮಗಳು, ಮಾತು ಅಗದಿ ನಮ್ಮ ಹಾಗೆಯೇ. ಕುರ್ಚಿ ಮುಂದಕ್ಕೆ ಎಳೆದುಕೊಂಡು ಕೂತು ಹೇಳಿದರು.

"ಕಾಕಾ, ಚೀಲ ಪೂರ್ತಿ ತಗೀಬೇಕಾಗತೈತ್ರಿ. ತಗದ್ರ ನಿಮಗ ಚೊಲೋ ಆಗೂ ಆಸೆ ಐತಿ. ನಿಮ್ಮ ಸಣ್ಣ ಕರಳಿಂದು ಒಂದು ತುಂಡು ತಗೊಂಡು, ಎರಡೂ ಕಿಡ್ನಿ ನಳಗೋಳನ್ನ ಅದಕ್ಕ ಜೋಡಿಸಿ, ಹೊಟ್ಟಿ ಮ್ಯಾಲೆ ಒಂದು ಸಣ್ಣ ಬಾಯಿ ಮಾಡತೇವಿ. ಉಚ್ಚಿ ಅಲ್ಲಿಂದ ಹೊರಗಿನ ಚೀಲಕ್ಕ ಬರತೈತಿ. ಒಂದು ನಮೂನಿ ಬೈಪಾಸ್ ಇದ್ದಂಗ ಅನ್ನಕೋರಿ."

ಒಳಗೇ ಹೊಸ ಚೀಲ ಮಾಡುವ ವಿಧಾನವೂ ಒಂದಿದೆ, ಇವರಿಗೆ ಅದು ಹೊಂದುವುದಿಲ್ಲ ಎಂದೂ ತಿಳಿಸಿ ಹೇಳಿದರು.  ಹೊರಗೆ ಬಂದ ಮೇಲೆ ನಮ್ಮವರದು ಒಂದೇ ಮಾತು. "ಹೊಟ್ಟಿ ಮ್ಯಾಲೆ ಉಚ್ಚಿ ಚೀಲ ಕಟಗೊಂಡು ಊರ ಹೆಣ್ಣಮಕ್ಕಳ ಮುಂದ ಹೆಂಗ ನಿಂದರಲಿ? ನಾ ಒಲ್ಲೆ. ಇದ್ದಷ್ಟು ದಿನ ಇರತೇನಿ."

ನಾನು ಅತ್ತೆ, ಬೈದೆ, ಊಟ ಬಿಟ್ಟೆ. ಕೊನೆಗೆ ಒಂದು ಕರಾರಿನ ಮೇಲೆ ಒಪ್ಪಿದರು. ಊರಲ್ಲಿ ಒಂದು ನರಪಿಳ್ಳೆಗೂ ಚೀಲದ ಸುದ್ದಿ ಗೊತ್ತಾಗಬಾರದು. ನಾನು ಮಗ್ಗಲಲ್ಲಿ ಮಲಗಿಯೂ ಕನಸಿನಲ್ಲಿ ಬಡಬಡಿಸಬಾರದು. ಆಯಿತು ಎಂದು ಮಾತು ಕೊಟ್ಟೆ.

ಮಾತು ಕೊಟ್ಟ ಮರುದಿನವೇ, ನಾವಿನ್ನೂ ಹುಬ್ಬಳ್ಳಿಯಲ್ಲಿರುವಾಗಲೇ, ಬಸಣ್ಣನ ಫೋನ್ ಬಂತು. ಡಾಕ್ಟರು ಏನೆಂದರು ಎಂದು ಕೇಳಿದ್ದಾನೆ. ನಮ್ಮವರು ತಡವರಿಸಿ, ಬಾಯಿಗೆ ಬಂದ ಒಂದು ಶಬ್ದ ಹೇಳಿಬಿಟ್ಟರು. "ಬೈಪಾಸ್ ಮಾಡತಾರಂತಲೇ."  "ಹಾರ್ಟಿಂದಾ?" ಎಂದ ಬಸಣ್ಣ ಆ ಕಡೆಯಿಂದ. ನಮ್ಮವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. "ಏನ ಹೇಳ್ಲೋ ಬಸ್ಯಾ" ಎಂದು ನಿಟ್ಟುಸಿರು ಬಿಟ್ಟರು. ಅಷ್ಟು ಸಾಕಾಯಿತು. ನಾವು ಬಸ್ಸಿಳಿದು ಓಣಿಗೆ ಕಾಲಿಡುವಷ್ಟರಲ್ಲಿ ಮೌಲಣ್ಣನ ಎದೆಯ ನರಗಳು ಬಂದಾಗಿವೆ ಎಂದು ಊರೇ ಮರುಗುತ್ತಿತ್ತು. ಸುಳ್ಳನ್ನು ನಾವು ಕಟ್ಟಲಿಲ್ಲ, ಅದು ತಯಾರಾಗಿಯೇ ಬಾಗಿಲಿಗೆ ಬಂತು. ಒಳಗೆ ಕರೆದುಕೊಂಡೆವು, ಅಷ್ಟೇ.

ಆಪರೇಷನ್ನಿನ ಹಿಂದಿನ ದಿನ ಸರ್ಜನ್‌ಬಾಯಿ ನನ್ನನ್ನು ಕರೆದು ಇನ್ನೊಂದು ವಿಷಯ ಹೇಳಿದರು. ಇಂಥ ಜೋಡಣೆಯಲ್ಲಿ ಹೊಲಿಗೆ ಎಷ್ಟು ಚಂದ ಹಾಕಿದರೂ, ಹೊಲಿದ ತುದಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಮುಂದೆ ಅದು ಸೊರಗಿ ಮುದುಡುತ್ತದೆ. ನಳ ಕಟ್ಟಿಕೊಂಡು ಕಿಡ್ನಿ ಕೆಡುತ್ತದೆ. ಬರಿಗಣ್ಣಿಗೆ ಅದು ಪ್ರತಿ ಸಲ ತಿಳಿಯುವುದಿಲ್ಲ. ಈಗ ಅವರಲ್ಲಿ ಒಂದು ಕ್ಯಾಮೆರಾ ಬಂದಿತ್ತು. ನರದಲ್ಲಿ ಹಸಿರು ಔಷಧಿ ಕೊಟ್ಟು ಆ ಕ್ಯಾಮೆರಾ ಹಿಡಿದರೆ, ರಕ್ತ ಹೋದಲ್ಲೆಲ್ಲ ಪರದೆಯ ಮೇಲೆ ಹಸಿರು ಮಿನುಗುತ್ತದೆ, ಹೋಗದ ಜಾಗ ಕಪ್ಪಾಗಿ ಉಳಿಯುತ್ತದೆ.

"ಆ ಔಷಧ್ಯಾಗ ಅಯೋಡಿನ್ ಇರತೈತಿ, ಅದು ಆಗಿ ಬರೂದಿಲ್ಲೇನ್ರಿ ಕಾಕಾಗ? ಏನರ ತಿಂದಾಗ, ಇಂಜೆಕ್ಷನ್ ಮಾಡಿದಾಗ ಮೈಯೆಲ್ಲ ಗಂಧಿ ಎದ್ದಿದ್ದು ಐತೇನು?" ಎಂದು ಕೇಳಿದರು.

"ಇಲ್ರಿ. ಬಸಣ್ಣನ ಹೊಲದ ಮೆಣಸಿನಕಾಯೇ ಅವರನ್ನ ಏನೂ ಮಾಡಿಲ್ರಿ" ಎಂದೆ. ಅವರು ನಕ್ಕು ಬರೆದುಕೊಂಡರು.

ಆವತ್ತು ಆಪರೇಷನ್ ಮುಗಿಯುವವರೆಗೆ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೆ. ಮಿಶ್ರಿಕೋಟಿಯಿಂದ ನನ್ನ ತಮ್ಮ ಬಂದು ಜೊತೆಗಿದ್ದ. ಅವನು ಚಹಾ ತಂದು ಕೊಡುವುದು, ನಾನು ಆರಿಸುವುದು, ಮತ್ತೆ ತರುವುದು. ಬಿಸಿಲು ಇಳಿದ ಮೇಲೆ ಸರ್ಜನ್‌ಬಾಯಿ ಹೊರಗೆ ಬಂದರು. ಮುಖದಲ್ಲಿ ದಣಿವಿತ್ತು, ನಗೆಯೂ ಇತ್ತು. ಮೊಬೈಲ್ ತೆಗೆದು ಒಂದು ತುಣುಕು ತೋರಿಸಿದರು.

ಮೊದಲು ಎಲ್ಲ ಕಪ್ಪು.  ಆಮೇಲೆ ಒಂದು ಮಗ್ಗಲಿನಿಂದ ಹಸಿಮೆಣಸಿನಕಾಯಿಯಂಥ ಹಸಿರು ಮೂಡಿತು. ಕರುಳಿನ ತುಂಡು ಈ ತುದಿಯಿಂದ ಆ ತುದಿಯವರೆಗೆ ಬೆಳಗಿತು. ಇಪ್ಪತ್ತು ವರ್ಷ ಬಾಳಿದ ಗಂಡನ ಕರುಳನ್ನು ನಾನು ಹಾಗೆ ನೋಡುತ್ತೇನೆ ಎಂದು ಎಂದೂ ಅಂದುಕೊಂಡಿರಲಿಲ್ಲ. ಚಂದ ಇತ್ತು, ಸುಳ್ಳು ಯಾಕೆ ಹೇಳಲಿ.

"ಇದು ಬಲಗಡೆ ನಳ, ತುದೀ ತನಕ ಹಸರ ಬಂತು. ಇದು ಎಡಗಡೆದು. ಇಲ್ಲಿ ನೋಡ್ರಿ" ಎಂದು ಬೆರಳಿಟ್ಟರು. ಎಡಗಡೆಯ ನಳ ಹಸಿರಾಗುತ್ತ ಬಂದು, ತುದಿಗೆ ಸ್ವಲ್ಪ ಮುಂಚೆ ನಿಂತುಬಿಟ್ಟಿತ್ತು. ಅಲ್ಲಿಂದಾಚೆ ಕಪ್ಪು. "ಕಣ್ಣಿಗೆ ಇದೂ ಚೊಲೋನ ಕಾಣತಿತ್ರಿ. ಕ್ಯಾಮೆರಾ ಇರದಿದ್ರ ನಾ ಇಲ್ಲೇ ಜೋಡಸ್ತಿದ್ನೇನೋ. ಆ ಕಪ್ಪು ತುದಿ ಕತ್ತರಿಸಿ ತಗದು, ಹಸರ ಬಂದಲ್ಲೇ ಹೊಲದೇವಿ. ಮುಂದ ಎಂದೂ ತೊಂದ್ರಿ ಬರೂದೇ ಇಲ್ಲ ಅಂತ ನಾ ಮಾತ ಕೊಡಂಗಿಲ್ರಿ ಅಕ್ಕಾರ. ಖರೇ, ನೋಡಿ ಹೊಲದೇವಿ, ಅಂದಾಜಿನ ಮ್ಯಾಲೆ ಹೊಲದಿಲ್ಲ."

ಆ ತುಣುಕನ್ನು ನನ್ನ ಫೋನಿಗೆ ಹಾಕಿಸಿಕೊಂಡೆ. ಯಾಕೆಂದು ಆಗ ಗೊತ್ತಿರಲಿಲ್ಲ.

ಹೊಸ ಚೀಲದೊಳಗೆ ಎರಡು ಸಣ್ಣ ನಳಿಗೆಗಳು ಇಳಿಬಿದ್ದಿದ್ದವು, ಒಂದೊಂದು ಕಿಡ್ನಿಯಿಂದ ಒಂದೊಂದು. ಬಲಗಡೆಯದು ಮೊದಲ ದಿನದಿಂದಲೇ ಚೆನ್ನಾಗಿ ಹನಿಸುತ್ತಿತ್ತು. ಎಡಗಡೆಯದು ಹನಿಸಿದರೆ ಹನಿಸಿತು, ಇಲ್ಲದಿದ್ದರೆ ಇಲ್ಲ. ಕತ್ತರಿಸಿ ಗಿಡ್ಡ ಮಾಡಿದ ನಳ ಅದೇ. ನಾನು ಸ್ಟೂಲ್ ಎಳೆದುಕೊಂಡು ಅದನ್ನೇ ನೋಡುತ್ತ ಕೂತೆ. ಹಾಲು ಉಕ್ಕುವುದನ್ನು ಅಷ್ಟು ಲಕ್ಷ್ಯವಿಟ್ಟು ನೋಡಿದ್ದರೆ ನನ್ನ ಒಲೆ ಎಂದೂ ಹೊಲಸಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಅದು ಟಪ್ ಟಪ್ ಎಂದು ಸುರುವಾಯಿತು, ನಿಲ್ಲಲೇ ಇಲ್ಲ. ನರ್ಸಮ್ಮನನ್ನು ಕೂಗಿ ಕರೆದೆ. ಉಚ್ಚೆಯ ಹನಿ ನೋಡಿ ಅಲ್ಲಾಹನ ಹೆಸರು ಹೇಳಿ ಕಣ್ಣೀರು ಹಾಕಿದವಳು ಆ ವಾರ್ಡಿನಲ್ಲಿ ನಾನೊಬ್ಬಳೇ ಇರಬೇಕು.

ನಮ್ಮವರಿಗೆ ಮಾತ್ರ ಸಮಾಧಾನವಿಲ್ಲ. ಮಲಗಿದಲ್ಲೇ ಚೀಲದ ಕಡೆ ಬಗ್ಗಿ ನೋಡುವುದು, ಮುಖ ಕಿವುಚುವುದು. ಕೊನೆಗೆ ಸರ್ಜನ್‌ಬಾಯಿ ಬಂದಾಗ ಕೇಳಿಯೇಬಿಟ್ಟರು. "ಬಾಯಾರ, ಹಸರ ಔಷಧಿ ಹಾಕೇವಿ ಅಂದ್ರಿ. ಮೂರು ದಿನಾತು, ಉಚ್ಚಿ ಹಳದೀನ ಐತಲ್ಲರಿ. ಹಾಕಿದ್ದು ಖರೇ ಏನು?"

"ಅದು ಉಚ್ಚ್ಯಾಗ ಬರೂದಿಲ್ರಿ ಕಾಕಾ. ಲಿವರ್‌ನ್ಯಾಗ ಹಾದು, ಹಿಂದಿನ ದಾರೀಲೆ ಎಂದೋ ಹೋಗಿರತೈತಿ."

"ನೋಡದ ಹೋತಲ್ಲರಿ" ಎಂದು ನಮ್ಮವರು ಪೇಚಾಡಿದರು. ನಕ್ಕರೆ ಹೊಲಿಗೆ ಜಗ್ಗುತ್ತದೆ ಎಂದು ಬಾಜೂಕಿನ ಹಾಸಿಗೆಯವನು ದಿಂಬು ಕಚ್ಚಿದ.

ಊರಿಗೆ ಬಂದಾಗ ಮೆಣಸಿನಕಾಯಿ ಸುಗ್ಗಿ ಸುರುವಾಗಿತ್ತು. ಕುಂದಗೋಳ ಸೀಮೆಯ ಎರೆ ಹೊಲಗಳ ತುಂಬ ಕೆಂಪು ಹಾಸಿತ್ತು. ಗಿರಣಿಯ ಮುಂದೆ ಚೀಲ, ಡಬ್ಬಿ, ಬುಟ್ಟಿಗಳ ಸಾಲು. ಖಾರದ ಯಂತ್ರವನ್ನು ನಾನೇ ನಡೆಸಿದೆ. ನಮ್ಮವರು ಹಿಂದಿನ ಕೋಣೆಯಲ್ಲಿ ಕಿಟಕಿ ಮುಚ್ಚಿಕೊಂಡು, ಹಸಿ ಬಟ್ಟೆ ಇಳಿಬಿಟ್ಟುಕೊಂಡು, ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತರು. ಘಾಟು ಹೇಗೋ ಒಳಗೆ ನುಸುಳುತ್ತಿತ್ತು. ಸೀನು ಬರುತ್ತದೆ ಎನಿಸಿದೊಡನೆ "ಹಸೀನಾ" ಎಂದು ಕೂಗುವರು. ನಾನು ಯಂತ್ರ ಬಿಟ್ಟು ಕೆಂಪು ಕೈಯಲ್ಲಿ ಓಡುವೆ, ದಿಂಬು ಒತ್ತುವೆ. ನನ್ನ ಮೈಮೇಲಿನ ಖಾರಕ್ಕೇ ಅವರಿಗೆ ಇನ್ನೆರಡು ಸೀನು ಬರುವವು.

ಬಸಣ್ಣ ದಿನಾ ಬಂದು ಬಾಗಿಲಲ್ಲಿ ಕೂರುತ್ತಿದ್ದ. ಒಮ್ಮೆ ಅವನಿಗೆ ಅನುಮಾನ ಬಂತು. "ಅಲ್ಲಲೇ ಮೌಲಾ, ಬೈಪಾಸ್ ಮಾಡಿದ್ರ ಎದಿ ಸೀಳತಾರಲ್ಲ. ನೀ ಹೊಟ್ಟಿ ಹಿಡಕೋತಿ."

"ಈಗ ಎಲ್ಲಾ ಹೊಟ್ಟೀಲಿಂದನ ಹಾಕತಾರೋ. ಹೊಸಾ ನಮೂನಿ" ಎಂದರು ನಮ್ಮವರು. ಅವನಿಗೆ ನಂಬಿಕೆ ಬರಲೆಂದು ನನ್ನ ಫೋನ್ ಕಸಿದುಕೊಂಡು ಆ ಹಸಿರು ತುಣುಕು ತೋರಿಸಿದರು. ಬಸಣ್ಣ ಕಣ್ಣು ಅರಳಿಸಿ ನೋಡಿದ. "ಇದ ಏನಲೇ ನಿನ್ನ ಹಾರ್ಟು? ಎಷ್ಟ ಉದ್ದ ಐತಿ" ಎಂದ. ನಾನು ಬಾಯಿಗೆ ಸೆರಗು ಒತ್ತಿಕೊಂಡು ಗಿರಣಿಗೆ ಓಡಿದೆ. ಸಂಜೆಗೆ ಮೌಲಣ್ಣನ ಹಸಿರು ಹಾರ್ಟು ಸಂಶಿಯಲ್ಲಿ ಮನೆಮಾತಾಯಿತು. ಅದನ್ನು ನೋಡಲೆಂದೇ ಕೆಲವರು ಕಿಲೋ ಮೆಣಸಿನಕಾಯಿ ಹಿಡಿದು ಬಂದರು.

ಹಾರ್ಟಿನಿಂದ ಇನ್ನೊಂದು ಚಮತ್ಕಾರವಾಯಿತು. ಸ್ವಲ್ಪ ಗುಣವಾಗಿ ನಮ್ಮವರು ಹಿಟ್ಟಿನ ಕಡೆ ಬಂದು ನಿಂತಾಗ, ಯಾರೂ ಅವರನ್ನು ಭಾರ ಎತ್ತಲು ಬಿಡಲಿಲ್ಲ. ಡಾಕ್ಟರು ಹೇಳಿದ್ದೂ ಅದನ್ನೇ, ಅದು ಒಳ್ಳೆಯದೇ ಆಯಿತು. ಆದರೆ ಯಾರೂ ಅವರನ್ನು ಬೈಯಲೂ ಇಲ್ಲ. ಪಾಳಿ ತಪ್ಪಿಸಿದರೂ "ಇರ್ಲಿ ಬಿಡಪಾ." ಹಿಟ್ಟು ದಪ್ಪ ಬಿದ್ದರೂ "ನಡೀತೈತಿ ತಗೋ." ಗಂಗವ್ವ ಎಂಬ ಮುದುಕಿ, ನಮ್ಮ ಗಿರಣಿಯ ಅತಿ ದೊಡ್ಡ ಬಾಯಿ, ಅವಳೂ ಹಲ್ಲು ಕಚ್ಚಿಕೊಂಡು ಡಬ್ಬಿ ಎತ್ತಿಕೊಂಡು ಹೋಗುತ್ತಿದ್ದಳು. ಎದೆಗೆ ಏನಾದರೂ ಆದೀತು ಎಂದು ಊರೇ ಮಾತು ಅಳೆದು ಆಡುತ್ತಿತ್ತು. ಮೊದಮೊದಲು ನಮ್ಮವರಿಗೆ ಖುಷಿ. ಬರುಬರುತ್ತ ಬೇಸರ. "ನಾ ಏನ ಸತ್ತೇನೇನ? ಎಲ್ಲಾರೂ ಮಯ್ಯತ್ತಿಗೆ ಬಂದಂಗ ಮಾತಾಡತಾರ" ಎನ್ನುತ್ತಿದ್ದರು.

ಊರಲ್ಲಿ ಚೀಲದ ಖರೇ ಸಂಗತಿ ಗೊತ್ತಿದ್ದುದು ನಮ್ಮ ಮಸೀದಿಯ ಹಜರತರೊಬ್ಬರಿಗೇ. ಮೂತ್ರ ಸದಾ ಹನಿಸುತ್ತಿರುವಾಗ ನಮಾಜು ಹೇಗೆ ಎಂದು ನಮ್ಮವರು ಹೋಗಿ ಪಿಸುಗುಟ್ಟಿ ಕೇಳಿದ್ದರು. ತಡೆಯಲಾಗದವನಿಗೆ ವಿನಾಯಿತಿ ಇದೆ, ಪ್ರತಿ ನಮಾಜಿನ ಹೊತ್ತಿಗೆ ಹೊಸದಾಗಿ ಕೈಕಾಲು ಮುಖ ತೊಳೆದು ವಜೂ ಮಾಡಿಕೊಂಡು ಬಾ, ಸಾಲಿನಲ್ಲಿ ಎಲ್ಲರ ಜೋಡಿ ನಿಲ್ಲು ಎಂದರಂತೆ ಅವರು. ಬಂದು ಅದನ್ನು ನನಗೆ ಎರಡೆರಡು ಸಲ ಹೇಳಿದರು. ಆದರೂ ಕರಾರು ಕರಾರೇ. ಊರಿಗೆ ಹೇಳಬಾರದು.

ಯುಗಾದಿ ಹತ್ತಿರ ಬಂದಿತ್ತು, ಬಿಸಿಲು ಏರಿತ್ತು. ಒಂದು ದಿನ ಬಸಣ್ಣ ಬೆಂಚಿನ ಮೇಲೆ ಕೂತು, ಟವೆಲಿನಿಂದ ಗಾಳಿ ಹಾಕಿಕೊಳ್ಳುತ್ತ ಅಂದ. "ಏನ ಉಷ್ಣಲೇ ಮೌಲಾ ಈ ಸಲ. ಎಂಟ ದಿನಾತು, ಉಚ್ಚಿ ಕೆಂಪ ಹೊಂಟೈತಿ. ನೋವ ಗೀವ ಏನಿಲ್ಲ."

ನಾನು ಖಾರದ ಯಂತ್ರದ ಹತ್ತಿರ ನಿಂತವಳು ನಮ್ಮವರ ಮುಖ ನೋಡಿದೆ. ಅವರು ಬಸಣ್ಣನ ಮುಖ ನೋಡುತ್ತಿದ್ದರು.

"ಡಾಕ್ಟರಗ ತೋರಸು. ನನ್ನ ಡಾಕ್ಟರ್‌ಬಾಯಿಗೆ ತೋರಸೂಣು ನಡಿ" ಎಂದರು ನಮ್ಮವರು.

ಬಸಣ್ಣ ನಕ್ಕ. "ಹಾರ್ಟ್ ಡಾಕ್ಟರ್ ಮುಂದ ಹೋಗಿ ಉಚ್ಚಿ ತೋರಸ್ಲೇನ? ಹುಚ್ಚ ಅದೀ. ಭಾಬಿ, ನಿಮ್ಮ ಮನ್ಯಾಗ ಜೀರಗಿ ಇದ್ರ ಕೊಡ್ರಿ ಒಂದೀಟು."

ಜೀರಿಗೆ ಕಟ್ಟಿಕೊಂಡು ಹೋದ. ನನಗೆ ಓಡಿಹೋಗಿ ಹೇಳಿಬಿಡಬೇಕೆನಿಸಿತು. ಮಾತು ಕೊಟ್ಟಿದ್ದೆನಲ್ಲ, ನಾಲಿಗೆ ಕಟ್ಟಿಹೋಗಿತ್ತು. ಸಂಜೆ ನಮ್ಮವರು ರೊಟ್ಟಿ ಮುರಿದು ಹಾಗೆಯೇ ಇಟ್ಟರು. ನಾನೂ ತಡೆಯಲಾರದೆ ಅಂದೆ. "ನೋಡ್ರಿ, ನನ್ನ ಮಾತು ನನಗ ವಾಪಸ್ ಕೊಡ್ರಿ. ನೀವು ಹೇಳಲಿಲ್ಲಂದ್ರ ನಾ ಹೇಳತೇನಿ."

"ನೀ ಹೇಳಿದ್ರ ಅಂವ ನಂಬಂಗಿಲ್ಲ. ನಾ ಹೇಳಿದ್ರೂ ನಂಬಂಗಿಲ್ಲ. ಹಸರ ಹಾರ್ಟ್ ನೋಡ್ಯಾನಲ್ಲ" ಎಂದರು. ತಟ್ಟೆ ಮುಂದಕ್ಕೆ ಎಳೆದುಕೊಂಡು, "ತೋರಸೂದ ಒಂದ ದಾರಿ" ಎಂದರು. ಆಮೇಲೆ ರೊಟ್ಟಿ ತಿಂದರು.

ಮರುದಿನ ಬೆಳಗಾಗುತ್ತಲೇ ಬಸಣ್ಣನನ್ನು ಕರೆಸಿದರು. ಗಿರಣಿಯ ಶಟರನ್ನು ಅರ್ಧ ಇಳಿಸಿ, ಅವನನ್ನು ಎದುರಿಗೆ ನಿಲ್ಲಿಸಿಕೊಂಡು ಅಂಗಿ ಎತ್ತಿದರು. ಹೊಕ್ಕಳದ ಬಲಕ್ಕೆ ಅಂಟಿಸಿದ ಚೀಲ, ಅದರಲ್ಲಿ ಅರ್ಧದಷ್ಟು ಉಚ್ಚೆ. ಮೂರ್ನಾಲ್ಕು ತಿಂಗಳು ಮಲಗಿದಲ್ಲೂ ಚಾದರ ಸರಿಯದಂತೆ ಕಾಯ್ದುಕೊಂಡಿದ್ದ ಹೊಟ್ಟೆ ಅದು.

"ನನಗೂ ಕೆಂಪನ ಹೋಗತಿತ್ತು. ನಂಗೂ ನೋವಿರಲಿಲ್ಲ. ನಾನೂ ಉಷ್ಣ ಅಂದೆ. ಚೀಲದಾಗ ಗಡ್ಡಿ ಇತ್ತೋ ಬಸ್ಯಾ. ಇದು ಬೈಪಾಸ್, ಉಚ್ಚೀದು."

ಬಸಣ್ಣ ಬೆಂಚಿನ ಮೇಲೆ ಕೂತ. ಅವನ ಬಾಯಿ ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಆವತ್ತೊಂದೇ ದಿನ. ಕೊನೆಗೆ ಕೇಳಿದ. "ಮತ್ತ ಆ ಹಸರ ಹಾರ್ಟು?"

"ಅದು ಕರಳಲೇ. ಅದರ ತುದಿಗೆ ರಕ್ತ ಬರತೈತೋ ಇಲ್ಲೋ ಅಂತ ನೋಡಿದ್ದು."

"ಸಂಶಿ ತುಂಬ ಹಾರ್ಟ್ ಅಂತ ಹೇಳೇನಲ್ಲೋ ನಾ. ತಂಬೂರ ಊರಾಗಿನ ಬೀಗರಿಗೂ ಹೇಳೇನಿ."

"ಅದನ್ನ ಆಮ್ಯಾಲ ನೋಡೂಣು. ಮೊದಲ ಎದ್ದ ಬಾ, ಬಸ್ಸಿಗೆ ಹೊತ್ತಾತು" ಎಂದು ಅವನ ರಟ್ಟೆ ಹಿಡಿದು ಎಬ್ಬಿಸಿದರು.

ಬಸಣ್ಣನಿಗೂ ಗಡ್ಡೆಯೇ. ಆದರೆ ಸಣ್ಣದು, ಬೇರು ಬಿಡದ್ದು. ದುರ್ಬೀನಿನಿಂದಲೇ ಕೆರೆದು ತೆಗೆದರು. ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಚೀಲ ತೆಗೆಯುವ ಪ್ರಸಂಗ ಈಗಿಲ್ಲ ಎಂದರು ಸರ್ಜನ್‌ಬಾಯಿ. ಇನ್ನಷ್ಟು ದಿನ ಜೀರಿಗೆ ನೀರು ಕುಡಿಯುತ್ತ ಕೂತಿದ್ದರೆ ಮಾತು ಬೇರೆ ಇತ್ತು ಎಂದೂ ಅವನ ಎದುರಿಗೇ ಹೇಳಿದರು. ಮೂವರೂ ವಾಪಸು ಬರುವ ಬಸ್ಸಿನಲ್ಲಿ ಬಸಣ್ಣ ನಮ್ಮವರ ಕೈ ಹಿಡಿದುಕೊಂಡೇ ಕೂತಿದ್ದ. ಕುಂದಗೋಳ ದಾಟಿದ ಮೇಲೆ ಮೆಲ್ಲಗೆ ಅಂದ. "ಮೌಲಾ, ನಿನ್ನಾಣಿ, ಯಾರಿಗೂ ಹೇಳೂದಿಲ್ಲ."

ನಮ್ಮವರು ಕಿಟಕಿಯಾಚೆ ನೋಡುತ್ತಿದ್ದರು. "ಹೇಳು" ಎಂದರು. "ಎಲ್ಲಾರಿಗೂ ಹೇಳು. ಉಷ್ಣ ಉಷ್ಣ ಅನಕೋತ ಇನ್ನೊಬ್ಬಾಂವ ಕುಂತಿದ್ದಾನು ಊರಾಗ. ಹಾರ್ಟ್ ಅಂತ ಹೇಳಿದಾಂವ ನೀನ, ತಿದ್ದಾಂವನೂ ನೀನ."

ಬಸಣ್ಣನಿಗೆ ಎರಡನೇ ಸಲ ಹೇಳಬೇಕಾಗಲಿಲ್ಲ.

ಮರುದಿನ ನಮ್ಮವರು ಗಿರಣಿ ತೆರೆಯಲು ಹಿಂಜರಿದರು. ಇದ್ದದ್ದರಲ್ಲಿ ಸಡಿಲ ಅಂಗಿ ಹುಡುಕಿ ಹಾಕಿಕೊಂಡರು. ಬಿಚ್ಚಿ ಇನ್ನೊಂದು ಹಾಕಿಕೊಂಡರು. ಹೊರಗೆ ಡಬ್ಬಿಗಳ ಸಪ್ಪಳ ಕೇಳುತ್ತಿತ್ತು. ನಾನೇ ಶಟರ್ ಎತ್ತಿದೆ. ಹೆಂಗಸರ ಸಾಲು ನಿಂತಿತ್ತು, ಎಲ್ಲರಿಗೂ ಗೊತ್ತಿತ್ತು, ಅದು ಅವರ ಮುಖದಲ್ಲೇ ಕಾಣುತ್ತಿತ್ತು. ನಮ್ಮವರು ಯಂತ್ರ ಚಾಲೂ ಮಾಡಿ ನೆಲ ನೋಡುತ್ತ ನಿಂತರು.  ಈ ಹೆಂಗಸರಲ್ಲಿ ಒಬ್ಬಳು ಮುಸಿನಕ್ಕರೂ ಸಾಕು, ನಮ್ಮವರು ಮತ್ತೆ ಆ ಕೋಣೆ ಸೇರುತ್ತಾರೆ.

ಗಂಗವ್ವ ಎಲ್ಲರನ್ನೂ ಸರಿಸಿ ಮುಂದೆ ಬಂದಳು. ಡಬ್ಬಿಯನ್ನು ಧಡ್ಡನೆ ಕೆಳಗಿಟ್ಟಳು.

"ಅಲ್ಲೋ ಮೌಲ್ಯಾ, ನಿನ್ನ ಹಾರ್ಟ್ ಗಟ್ಟಿ ಐತಂತಲ್ಲೋ."

ನಮ್ಮವರು ತಲೆ ಎತ್ತಿದರು. "ಐತೇಳವ್ವಾ."

"ಮತ್ತ ಮೊದಲ ಹೇಳಾಕೇನಾಗಿತ್ತ ನಿನಗ? ಸಂಕ್ರಾಂತಿಗೆ ನನ್ನ ಹಿಟ್ಟ ನುಚ್ಚ ಬೀಸಿದಂಗ ಬೀಸಿ ಕೊಟ್ಟಿ, ಒಂದ ರೊಟ್ಟಿ ನೆಟ್ಟಗ ಏಳಲಿಲ್ಲ. ಸೊಸಿ ಮುಂದ ಮಾನ ಹೋತು. ಹೋದ ವಾರ ನನ್ನ ಪಾಳಿ ಇನ್ನೊಬ್ಬಾಕಿಗೆ ಕೊಟ್ಟಿ. ಎದಿ ಒಡದೀತು ಅಂತ ನಾ ಇಷ್ಟ ದಿನ ನುಂಗಿಕೊಂಡು ಕುಂತೇನಿ. ಎಲ್ಲಾ ಹೊಟ್ಟ್ಯಾಗ ಕುಂತೈತಿ ನೋಡ, ಇವತ್ತ ಕೇಳಬೇಕು ನೀ."

ಅವಳ ಹಿಂದಿನಿಂದ ಇನ್ನೊಬ್ಬಳು, "ನಂದೂ ಐತಿ" ಎಂದಳು. ಅವಳ ಹಿಂದಿನವಳು ತನ್ನ ಗೋದಿಯಲ್ಲಿ ಜೋಳ ಬೆರೆತ ಪಂಚಾಯ್ತಿ ತೆಗೆದಳು. ಸಾಲು ಮುರಿದು ಎಲ್ಲರೂ ಮುಂದೆ ಬಂದರು, ಎಲ್ಲರೂ ಒಟ್ಟಿಗೆ ಬೈಯತೊಡಗಿದರು. ಯಂತ್ರದ ಸದ್ದಿನಲ್ಲಿ ಯಾರದ್ದೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ನಮ್ಮವರು ಕೈ ಚಾಚಿ ಸ್ವಿಚ್ ಆರಿಸಿದರು. ಸ್ಟೂಲ್ ಎಳೆದುಕೊಂಡು ಕೂತರು.

"ಒಬ್ಬೊಬ್ಬರಾಗಿ ಬೈರಿ" ಎಂದರು. "ಗಂಗವ್ವ, ಮೊದಲಿಂದ ಸುರು ಮಾಡು."